ಗಂಜಿ ಕೇಂದ್ರದಾಗ ಕೂಸಿಗೆ ಹಾಲು

ನಮ್ಮ ಮನಿಯೊಳಗ ಈಗ ಒಂದು ಕೂಸು ಐತಿ. ಮಗಳು ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾಳ, ಬೆಟಗೇರಿಯ ಈ ಸಣ್ಣ ಮನಿ ತುಂಬಿ ತುಳುಕಾಕತ್ತೈತಿ. ಹೆಣ್ಣುಕೂಸು. ಹಣಿ ಅಜ್ಜನದು, ಗದ್ದ ಅವರಪ್ಪನದು, ಮೂಗು ನನ್ನದು ಅಂತ ನಾನು ಹೇಳತೀನಿ, ಯಾರೂ ಒಪ್ಪೂದಿಲ್ಲ. ಒಪ್ಪದಿದ್ದರ ಬಿಡಲಿ. ಮಗಳು ಗ್ವಾಡಿಗೆ ಒರಗಿ ಕೂತು ಎದಿ ಕೊಡೂ ಹೊತ್ತಿನಾಗ ಕೂಸು ಗುಟುಕು ನುಂಗೂ ಸಪ್ಪಳ ಅಡಗಿಮನಿತನಾ ಕೇಳತೈತಿ. ಅದನ್ನ ಕೇಳಿಕೋತ ನಾನು ಕೈಯಾಗಿನ ಕೆಲಸಾ ಬಿಟ್ಟು ನಿಂತುಬಿಡತೀನಿ. "ಯವ್ವಾ, ರೊಟ್ಟಿ ಹೊತ್ತಾಕತ್ತೈತಿ ನೋಡ" ಅಂತ ಮಗಳು ಒಳಗಿಂದ ಒದರತಾಳ. ಹೊತ್ತಲಿ. ರೊಟ್ಟಿ ನಾಳೆನೂ ಬಡೀಬಹುದು.

ಮೊನ್ನೆ ಅಸುಂಡಿ ಕಡಿಯ ಹುಡುಗ್ಯಾರು ಕೂಸು ನೋಡಾಕ ಬಂದಿದ್ದರು. ಹೊಸದಾಗಿ ಅಂಗನವಾಡಿ ಕೆಲಸಕ್ಕ ಸೇರಿದವರು. ಕೂಸಿಗೆ ಕುಂಚಿಗಿ ತಂದಿದ್ದರು, ತಲಿಗೆ ಹಾಕಿ ನೋಡಿದರು, ಚಂದ ಕಂಡಳು. ಚಾ ಕುಡಿಯೂಮುಂದ ಒಬ್ಬಾಕಿ ಕೇಳಿದಳು, "ಅಕ್ಕೋರ, ಈ ಕೆಲಸದಾಗ ಭಾಳ ತ್ರಾಸಿಂದು ಯಾವುದರೀ? ಮೊಬೈಲದಾಗ ಎಲ್ಲಾ ತುಂಬೂದೇನರೀ?"

"ಅಲ್ಲ," ಅಂದೆ, "ಗಂಜಿ ಕೇಂದ್ರ."

"ಅದನ್ನ ಟ್ರೇನಿಂಗಿನಾಗ ಜಲ್ದಿ ಹೇಳಿ ಮುಗಿಸಿಬಿಟ್ರರೀ," ಅಂತ ನಕ್ಕರು.

ಅವರು ನಕ್ಕಿದ್ದಕ್ಕ ಸಿಟ್ಟು ಬರಲಿಲ್ಲ. ನಾನೂ ಕೆಲಸಕ್ಕ ಸೇರಿದ ಹೊಸದರಾಗ ಹಂಗ ನಗತಿದ್ದೆ. ಆದರ ಅವರು ಹೋದ ಮ್ಯಾಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹೇಳಿ ಮುಗಿಸೂ ಮಾತಲ್ಲ ಅದು. ಅದಕ್ಕ ಬರಿಯಾಕ ಕೂತೀನಿ. ನಾನು ಕಲಿತದ್ದು ಏಳನೇತ್ತೇ. ನೇಕಾರರ ಮನಿ, ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಾಕ ಕೈ ಬೇಕಾಗಿದ್ದವು, ಸಾಲಿ ಬಿಡಿಸಿದರು. ಅಕ್ಷರ ಮ್ಯಾಲೆ ಕೆಳಗ ಆಗಿದ್ದರ ತಿದ್ದಿ ಓದಿಕೊಳ್ಳರಿ.

ನನ್ನನ್ನ ಕೊಟ್ಟದ್ದು ಮುಂಡರಗಿ ತಾಲೂಕಿನಾಗ ತುಂಗಭದ್ರಾ ಹೊಳಿ ದಂಡಿಯ ಒಂದು ಊರಿಗೆ. ಅಲ್ಲೇ ಅಂಗನವಾಡಿ ಅಕ್ಕೋರು ಆದೆ, ಅಲ್ಲೇ ರಿಟೈರ್ ಆಗಿ ಬೆಟಗೇರಿಗೆ ಬಂದೆ. ಊರಿನ ಹೆಸರು ಬರಿಯೂದಿಲ್ಲ. ಇದರಾಗ ಬರೂ ಹೆಣ್ಣುಮಕ್ಕಳು ಇನ್ನೂ ಅಲ್ಲೇ ಬಾಳೇ ಮಾಡಿಕೊಂಡಾರ, ಅವರ ಹೆಸರೂ ಬದಲಿ ಮಾಡೀನಿ.

ನಾನು ಹೇಳೂ ಆ ವರ್ಷ ಮ್ಯಾಲಿನ ಸೀಮಿಯೊಳಗ ಮಳಿ ಹಿಡಿದು ಹೊಳಿ ಏರಿತು. ನಮ್ಮ ಊರಿನವರಿಗೆ ಹೊಳಿ ಏರೂದು ಹೊಸದಲ್ಲ. ಪ್ರತಿ ಸಲ ಹನಮಪ್ಪನ ಗುಡಿ ಕಟ್ಟಿತನಾ ಬಂದು ಹೊಳ್ಳಿ ಹೋಗತಿತ್ತು. ಈ ಸಲನೂ ಹೋಗತೈತಿ ಅಂತ ಕುಂತರು. ಅದು ಗುಡಿ ದಾಟಿ ಓಣಿಗೆ ಬಂತು, ಓಣಿ ದಾಟಿ ಮನಿಗೆ ಬಂತು. ಡಾಂಗರ ಸಾರೂದರಾಗ ಹಿಂದಿನ ಓಣಿಯವರು ಮಾಳಗಿ ಹತ್ತಿ ನಿಂತಿದ್ದರು.

ಆ ಮಾಳಗಿ ಮ್ಯಾಲೆ ರೇಣವ್ವ ಇದ್ದಳು. ಬಾಣಂತನ ಮುಗಿಸಿಕೊಂಡು ತವರಿನಿಂದ ಆಗಷ್ಟೇ ಗಂಡನ ಮನಿಗೆ ಬಂದ ಹುಡುಗಿ. ಉಡಿಯಾಗ ಹೆಣ್ಣುಕೂಸು, ಬಾಜೂಕ ಅತ್ತಿ ನಿಂಗವ್ವ. ಗಂಡ ದುಡಿಯಾಕ ಬ್ಯಾರೆ ಊರಿಗೆ ಹೋಗಿದ್ದ. ಮಳಿಯಾಗ ನಿಂತೇ ನಿಂತರು. ಅವರನ್ನ ಇಳಿಸಿಕೊಂಡು ಬಂದವ ಅಂಬಿಗರ ಹನಮಪ್ಪ. ಅವನ ಕಡೆ ಹರಗೋಲು ಇತ್ತು, ಬಿದಿರು ಹೆಣೆದ ದುಂಡನ ದೋಣಿ. ಸರಕಾರದ ದೋಣಿ ಬರೂತನಾ ಊರಿಗೆ ಅದೊಂದೇ ಗತಿ. ಹನಮಪ್ಪ ತನ್ನ ಹೇಣ್ತಿ ದುರ್ಗವ್ವನ್ನ, ಗಂಡುಕೂಸನ್ನ ಮೊದಲ ಖೇಪಿಗೆ ದಡಕ್ಕ ಬಿಟ್ಟು, ಆಮ್ಯಾಲೆ ಊರ ಮಂದಿನ್ನ ತರಾಕ ಹೊಳ್ಳಿ ಹೋದ.

ಎಲ್ಲಾರನ್ನೂ ಮುಂಡರಗಿ ಕಡಿಯ ಎತ್ತರದ ಒಂದು ಸಾಲಿಗೆ ತಂದರು. ಅದೇ ಗಂಜಿ ಕೇಂದ್ರ. ಈಗ ಅದಕ್ಕ ಕಾಳಜಿ ಕೇಂದ್ರ ಅಂತಾರ. ಹೆಸರು ಬದಲಿ ಆದರೂ ಮಂದಿ ಗಂಜಿ ಕೇಂದ್ರ ಅನ್ನೂದು ಬಿಟ್ಟಿಲ್ಲ. ನಮ್ಮ ಸೂಪರ್‌ವೈಜರ್ ಬಾಯಾರು ನನಗ ಹೇಳಿದರು, "ನೀವು ಬಾಣಂತ್ಯಾರು, ಕೂಸುಗಳು, ಅಷ್ಟ ನೋಡಕೊಳ್ರಿ. ಬಾಕಿ ನಮಗ ಬಿಡ್ರಿ."

ನಾನು ಮೊದಲ ನೋಡಿದ್ದು ರೇಣವ್ವನ ಕೂಸನ್ನ. ಅಳತಿತ್ತು. ಕೈ ಬಾಯಾಗ ಹಾಕಿಕೊಂಡು ಚೀಪತಿತ್ತು. ಹಸದ ಕೂಸಿನ ಅಳು ಬ್ಯಾರೆನ ಇರತೈತಿ, ನಡು ನಡುವೆ ನಿಲ್ಲಿಸಿ ಹುಡುಕತಾವ. ರೇಣವ್ವನ ಕುಪ್ಪಸ ಹಾಲಿಗೆ ತೊಯ್ದಿತ್ತು.

"ಯಾಕ ಬೇ, ಎದಿ ಕೊಡಬಾರದ?" ಅಂದೆ. ಅಕಿ ಅತ್ತಿ ಕಡೆ ನೋಡಿದಳು.

ನಿಂಗವ್ವ ಹೇಳಿದಳು, "ಅಂಜಿದ ಹಾಲು ಅದು, ಅಕ್ಕೋರ. ನೀರ ನೋಡಿ ಜೀವಾನ ಹೋತು ಅಂತ ಅಂಜ್ಯಾಳ ಅಕಿ. ಕೂಸಿಗೆ ನಂಜಾಗತೈತಿ. ತಲಿಮ್ಯಾಲೆ ನೀರ ಹಾಕ್ಕೊಂಡು, ಹೊಸ್ತಿಲಕ್ಕ ಅರಿಷಿಣಾ ಕುಂಕುಮಾ ಏರಿಸಿ, ಅದನ್ನ ದಾಟಿ ಒಳಗ ಹೋದ ಮ್ಯಾಲೇ ಕೊಡೂದು."

"ಯಕ್ಕಾ, ನಿಮ್ಮ ಹೊಸ್ತಿಲ ಹೊಳ್ಯಾಗ ಐತೆಲ್ಲ."

"ನೀರ ಇಳೀಲಿ. ಅಲ್ಲೀತನಾ ಹಿಂಡಿ ಚೆಲ್ಲಾಕ ಹೇಳೀನಿ."

ಹೊಸ ಹುಡುಗ್ಯಾರು ಇದನ್ನ ಓದಿ ನಿಂಗವ್ವನ್ನ ಬೈಬ್ಯಾಡ್ರಿ. ಆ ಪದ್ಧತಿ ನಮ್ಮ ಊರಾಗ ಎಲ್ಲಾರ ಮನಿಯೊಳಗೂ ಇತ್ತು. ಹೊಲದಾಗ ಹಾವು ಕಂಡು ಅಂಜಿದರ, ಚಕ್ಕಡಿಯಿಂದ ಬಿದ್ದರ, ಬಾಣಂತಿ ಮನಿಗೆ ಬಂದು ಜಳಕಾ ಮಾಡಿ, ಹೊಸ್ತಿಲ ಪೂಜಿ ಮಾಡಿ, ನಾಕು ಹನಿ ಹಿಂಡಿ ಚೆಲ್ಲಿ ಕೂಸಿಗೆ ಎದಿ ಕೊಡತಿದ್ದಳು. ಅಷ್ಟೊತ್ತಿಗೆ ಅಕಿ ಎದಿ ಬಡಕೊಳ್ಳೂದೂ ನಿಂತಿರತಿತ್ತು. ಅದರಿಂದ ಯಾವ ಕೂಸೂ ಸತ್ತದ್ದಿಲ್ಲ. ಹೊಸ್ತಿಲ ಇದ್ದಲ್ಲೇ ಇರತೈತಿ ಅಂತ ತಿಳಕೊಂಡು ಮಾಡಿದ ಪದ್ಧತಿ ಅದು. ಹೊಸ್ತಿಲನ ಮುಳುಗಿದರ ಏನು ಮಾಡಬೇಕು ಅಂತ ಹಿರ್ಯಾರು ಹೇಳಿ ಹೋಗಿರಲಿಲ್ಲ.

ರೇಣವ್ವ ಸಾಲಿ ಹಿಂದಿನ ಗ್ವಾಡಿ ಮರಿಗೆ ಹೋಗಿ ಹಿಂಡಿ ಚೆಲ್ಲಿ ಬರತಿದ್ದಳು. ಕೆಂಪು ಮಣ್ಣಿನ ಮ್ಯಾಲೆ ಬೆಳ್ಳನ ಕಲೆ. ಒಳಗ ಕೂಸು ಅಳತಿತ್ತು. ಸಕ್ಕರಿ ನೀರು ಬಟ್ಟಿ ತುದಿಗೆ ಹಚ್ಚಿ ಚೀಪಿಸತಿದ್ದರು. ನಾನು ಹೇಳಿದೆ, ಬೇಡಿಕೊಂಡೆ, ಸಿಟ್ಟಿಗೆದ್ದೆ. ನಿಂಗವ್ವ ಅಷ್ಟೇ ತಣ್ಣಗ ಹೇಳಿದಳು, "ಅಕ್ಕೋರ, ಹೊಳಿ ನನ್ನ ಮನಿ ತಗೊಂಡೈತಿ, ಎಮ್ಮಿ ತಗೊಂಡೈತಿ. ಇದೊಂದ ಕೂಸು ಉಳದೈತಿ. ಇದಕ್ಕ ಏನರ ಆದ್ರ ಮಗಗ ಏನಂತ ಮಾರಿ ತೋರಸ್ಲಿ?" ಅಕಿಗೂ ಕೂಸು ಉಳೀಬೇಕಾಗಿತ್ತು. ನನಗೂ ಅದೇ ಬೇಕಾಗಿತ್ತು. ಜಗಳಾ ಇದ್ದದ್ದು ಹಾದಿಯ ಮ್ಯಾಲೆ.

ಅಷ್ಟರಾಗ ಗಾಡಿ ಬಂದವು. ದೊಡ್ಡ ಊರುಗಳಿಂದ ಮಂದಿ ಅಕ್ಕಿ, ಚಾದರ, ಸೀರಿ, ಬಿಸ್ಕೀಟು ತಂದರು. ಅವರ ಪುಣ್ಯೇ ದೊಡ್ಡದು, ಅದಕ್ಕ ನಾನು ಎರಡು ಮಾತು ಆಡೂದಿಲ್ಲ. ಅದರ ಜೋಡಿ ಕೂಸುಗಳಿಗೆ ಅಂತ ಹಾಲಿನ ಪುಡಿ ಡಬ್ಬಿ ಬಂದವು, ರಬ್ಬರ್ ಮೊಲಿಯ ಬಾಟ್ಲಿ ಬಂದವು. ಡಬ್ಬಿ ಮ್ಯಾಲೆ ಗುಂಡಗುಂಡನ ಕೂಸಿನ ಚಿತ್ರ. ಹಂಚಿದವರು ಫೋಟೋ ತೆಗೆದರು. "ಅಮ್ಮಾ, ಬಾಟ್ಲಿ ಸ್ವಲ್ಪ ಮ್ಯಾಲೆ ಹಿಡೀರಿ, ಮುಖಾ ಕಾಣವಲ್ದು," ಅಂತ ಒಬ್ಬ ಹುಡುಗ ಹೇಳಿದ್ದು ಇನ್ನೂ ಕಿವಿಯಾಗ ಐತಿ. ಎದಿತುಂಬ ಹಾಲಿದ್ದವರಿಗೂ ಕೊಟ್ಟರು, ಇಲ್ಲದವರಿಗೂ ಕೊಟ್ಟರು.

ದುರ್ಗವ್ವ ಬ್ಯಾಡ ಅಂದಳು. "ನನ್ನ ಕಡೆ ಐತಿ ಬಿಡ್ರಿ, ಎರಡ ಕೂಸಿಗೆ ಆಗೂವಷ್ಟ ಐತಿ," ಅಂತ ನಕ್ಕಳು. "ಇರಲಿ ತಗೋಮ್ಮಾ, ಇದರಾಗ ಶಕ್ತಿ ಐತಿ," ಅಂತ ಉಡಿಯಾಗ ಹಾಕಿ ಹೋದರು. ಅಕಿ ರೊಟ್ಟಿ ಬಡಿಯೂದರಾಗ ಗಟ್ಟಿಗಿತ್ತಿ, ಕೇಂದ್ರದ ಒಲಿ ಮುಂದ ಕುಂಡ್ರಿಸಿದ್ದರು. ಅಕಿ ರೊಟ್ಟಿ ಬಡಿಯೂ ಹೊತ್ತಿನಾಗ ಅಕಿ ಮಗನ್ನ ಓಣಿ ಹುಡುಗ್ಯಾರು ಎತ್ತಿಕೊಂಡು ತಿರುಗತಿದ್ದರು. ದುಂಡನ ಗಂಡುಕೂಸು, ಯಾರು ಎತ್ತಿದರೂ ನಗತಿತ್ತು. ಅತ್ತರ ಬಾಟ್ಲಿ ಬಾಯಿಗೆ ಕೊಡತಿದ್ದರು. ಅವ್ವನ್ನ ಒಲಿ ಮುಂದಿಂದ ಯಾಕ ಎಬ್ಬಸೂದು ಅಂತ.

ನೀರಿನ ಟ್ಯಾಂಕರ್ ಬಂದರ ಬಂತು. ಒಂದು ಬಕೀಟು, ಎಲ್ಲಾರೂ ಅದರಾಗ ಚರಗಿ ಅದ್ದೂವರೇ. ಬಾಟ್ಲಿ ತೊಳೆದದ್ದೂ ಅದರಾಗ, ಹಾಲು ಕಲಸಿದ್ದೂ ಅದರಾಗ. ರಬ್ಬರ್ ಮೊಲಿ ನೆಲಕ್ಕ ಬಿದ್ದರ ಸೆರಗಿಗೆ ಒರಸೂದು. ಕುಡದು ಉಳದದ್ದನ್ನ ಕಿಡಕಿಯೊಳಗ ಇಟ್ಟು ಮತ್ತ ಕೊಡೂದು. ಪುಡಿ ಜಲ್ದಿ ಮುಗೀಬಾರದು ಅಂತ ನೀರು ಹೆಚ್ಚಿಗಿ ಹಾಕೂದು. ಮನಿಯೊಳಗ ಹಾಲು ಹಿಂಗ ತಾನ ನಾವು ಉಳಿಸೂದು?

ಬಾಯಾರಿಗೆ ಹೇಳಿದೆ, "ಇಲ್ಲಿ ಬಾಟ್ಲಿ ಕುದಿಸಾಕ ಪಾತೇಲಿ ಇಲ್ಲರಿ, ಕಟಗಿ ಇಲ್ಲರಿ. ಇವನ್ನ ತಗದ ಇಡೂನು."

"ಅಷ್ಟ ದೂರದಿಂದ ತಂದಾರ, ಹೊಳ್ಳಿ ಕಳಸಾಕ ಬರತೈತೇನ್ರಿ? ಕೂಸು ಅಳಾಕತ್ತಾವ ಕೇಳಸವಲ್ದ ನಿಮಗ?" ಅಂದರು. ಬಾಯಾರು ಕೆಟ್ಟವರಲ್ಲ. ಬಂದಾಗಿನಿಂದ ಕಾಲಿಗೆ ಚಪ್ಪಲಿ ಇಲ್ಲದಂಗ ಕೆಸರಾಗ ಓಡ್ಯಾಡತಿದ್ದರು. ರೇಣವ್ವನ ಕೂಸು ಬಾಟ್ಲಿ ಕುಡದು ಮಲಗಿದ್ದನ್ನ ನೋಡಿ ನಾನೂ ಒಂದಿಷ್ಟು ಸಮಾಧಾನ ಆಗಿದ್ದೆ ಅನ್ನೂದೂ ಖರೆ.

ಆಮ್ಯಾಲೆ ಭೇದಿ ಚಾಲೂ ಆತು.

ಒಂದು ಕೂಸಿಗೆ, ಮತ್ತೊಂದಕ್ಕ. ದುರ್ಗವ್ವನ ಮಗಗ ಮುಂಜಾನೆ ಚಾಲೂ ಆತು, ಹೊತ್ತು ನೆತ್ತಿಗೆ ಬರೂದರಾಗ ಕಣ್ಣು ಒಳಗ ಹೋಗಿದ್ದವು. ನೆತ್ತಿ ಕುಸಿದಿತ್ತು. ಹೊಟ್ಟಿ ಮ್ಯಾಲಿನ ಚರ್ಮಾ ಚಿವುಟಿದರ ಚಿವುಟಿದಂಗ ನಿಲ್ಲತಿತ್ತು. ಅಳಾಕೂ ಕಣ್ಣೀರಿಲ್ಲ. ಉಪ್ಪು ಸಕ್ಕರಿ ನೀರು ಚಮಚೇಲಿ ಹಾಕಿದಿವಿ, ಒಳಗ ನಿಲ್ಲಲಿಲ್ಲ. ಜೀಪು ಸಿಕ್ಕಿತು, ಆದರ ಮುಂಡರಗಿ ದವಾಖಾನಿ ಹಾದಿಯಾಗ ಹಳ್ಳ ತುಂಬಿ ಹರಿಯಾಕತ್ತಿತ್ತು. ಸುತ್ತು ಹಾಕಿ ಗದಗಿನ ಕಡೆ ಹೊಂಟಿವಿ. ಕೂಸು ನನ್ನ ತೊಡಿ ಮ್ಯಾಲಿತ್ತು, ದುರ್ಗವ್ವ ಅದರ ಕಾಲು ಹಿಡಿದುಕೊಂಡಿದ್ದಳು. ಊರ ದೀಪಾ ಕಾಣೂ ಮೊದಲ ಕಾಲು ತಣ್ಣಗಾದವು. ಅಕಿಗೇ ಮೊದಲ ಗೊತ್ತಾತು. "ಗಾಡಿ ಹೊಳ್ಳಸ್ರಿ," ಅಂದಳು. ಡ್ರೈವರ್ ಕೇಳಸದವನಂಗ ಮುಂದ ಹೊಡಿಯಾಕತ್ತಿದ್ದ. "ಅಣ್ಣಾ, ಹೊಳ್ಳಸು," ಅಂದಳು ಮತ್ತೊಮ್ಮೆ.

ಹನಮಪ್ಪ ಆವತ್ತೂ ಹೊಳ್ಯಾಗ ಇದ್ದ. ಯಾರೋ ಹೋಗಿ ಖಬರ ಮುಟ್ಟಿಸಿದರು. ಹರಗೋಲಿನ ಹುಟ್ಟು ಕೈಯಾಗ ಹಿಡಕೊಂಡೇ ಸಾಲಿ ಅಂಗಳಕ್ಕ ಬಂದ. ಕೂಸಿನ ಮಾರಿ ನೋಡಿದ. ಆಮ್ಯಾಲೆ ಊರ ಹಿರ್ಯಾರನ್ನ ಕೇಳಿದ, "ಎಲ್ಲಿ ಮಣ್ಣ ಮಾಡೂನು? ನಮ್ಮ ಜಾಗಾ ನೀರಾಗೈತಿ." ಸಾಲಿ ಹಿಂದಿನ ಹೊಲದವ ಬದುವಿನ ಮ್ಯಾಲೆ ಜಾಗಾ ಕೊಟ್ಟ. ರೇಣವ್ವ ಹಾಲು ಹಿಂಡಿ ಚೆಲ್ಲತಿದ್ದ ಜಾಗಾ ಅಲ್ಲಿಂದ ಕಾಣತಿತ್ತು.

ಇಲ್ಲಿಗೆ ಬರದು ನಿಲ್ಲಿಸಿದ್ದೆ. ಮೊಮ್ಮಗಳು ಎದ್ದಿದ್ದಳು. ಎತ್ತಿಕೊಂಡು ಪಡಸಾಲಿ ತುಂಬ ತಿರುಗಿಸಿದೆ, ನನ್ನ ಹೆಗಲಿಗೆ ಹಾಲು ಕಕ್ಕಿದಳು, ಎಂಥಾ ಹೊಸಾ ಸೀರಿ ಉಟ್ಟರೂ ಸಿಗದ ಸಿರಿ ಅದು. "ನೀ ಏನ ಬರ್ಯಾಕತ್ತಿ, ಕಣ್ಣೀರ ಯಾಕ ಬಂತು?" ಅಂತ ಮಗಳು ಕೇಳಿದಳು. ಇಂಥಾ ಸಂತೋಷ ಇದ್ದಾಗಲೇ ಅದನ್ನ ಬರಿಯಾಕ ಸಾಧ್ಯ. ಬರೇ ದುಃಖ ಇದ್ದಾಗ ಕೈ ಏಳೂದಿಲ್ಲ.

ಆ ಕೂಸನ್ನ ಮಣ್ಣು ಮಾಡಿದ ಮರುದಿನ ಕೇಂದ್ರಕ್ಕ ಡಾಕ್ಟರ್ ಬಾಯಿಯೊಬ್ಬರು ಬಂದರು. ಹರೇದ ಹುಡುಗಿ, ಸಣ್ಣ ದನಿ. ಬಂದವರೇ ಯಾರನ್ನೂ ಬೈಲಿಲ್ಲ. ಒಂದು ಚೀಲಾ ಹಿಡಕೊಂಡು ಖೋಲಿ ಖೋಲಿಗೆ ಹೋಗಿ ಬಾಟ್ಲಿ ಇಸಕೊಂಡರು. ಆಮ್ಯಾಲೆ ನನ್ನನ್ನ, ಬಾಯಾರನ್ನ ಕರದು ಕುಂಡ್ರಿಸಿಕೊಂಡು ಹೇಳಿದರು: ಅಂಜಿದರ ಹಾಲು ಕೆಡೂದಿಲ್ಲ, ಅಂಜಿಕಿಗೆ ಜಲ್ದಿ ಇಳಿಯೂದಿಲ್ಲ ಅಷ್ಟೇ. ಕೂಸು ಚೀಪಿದಷ್ಟೂ ಬರತೈತಿ, ಬತ್ತಿದ್ದೂ ಹೊಳ್ಳಿ ಬರತೈತಿ. ತಾಯಂದಿರಿಗೆ ಕುಂತು ಎದಿ ಕೊಡಾಕ ಮರಿ ಬೇಕು, ಅನ್ನ ಬೇಕು, ನೀರು ಬೇಕು. ತಾಯಿನೇ ಇಲ್ಲದ ಕೂಸಿಗೆ ಅಷ್ಟೇ ಪುಡಿ ಹಾಲು, ಅದೂ ಕುದಿಸಿದ ನೀರಾಗ, ಒಂದೊಂದು ಸಲಕ್ಕ ಬೇಕಾದಷ್ಟೇ ಕಲಸಿ, ಕುದಿಸಿದ ಬಟ್ಟಲಾ ಚಮಚೇಲಿ. ಉಳದರ ಚೆಲ್ಲೂದು.

ಬಾಯಾರು ಆ ಮಾತು ಕೇಳಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ನೋಡಿದರ ಕೇಂದ್ರದ ಗೇಟಿನಾಗ ನಿಂತಿದ್ದರು. ಡಬ್ಬಿ ತಂದ ಗಾಡಿಯವರಿಗೆ ಕೈ ಮುಗಿದು, "ಅಕ್ಕಿ ಇಳಿಸ್ರಿ, ಕಟಗಿ ಇದ್ರ ಇಳಿಸ್ರಿ, ಇದನ್ನ ಮಾತ್ರ ವಾಪಸ್ ಒಯ್ರಿ," ಅನ್ನಾಕತ್ತಿದ್ದರು. ಕೇಂದ್ರ ಮುಗಿಯೂತನಾ ಆ ಗೇಟು ಬಿಡಲಿಲ್ಲ ಅವರು.

ದಾನಾ ಬಂದ ಸೀರಿ ಒಂದಕ್ಕೊಂದು ಕಟ್ಟಿ ಮೂರನೇತ್ತೆಯ ಖೋಲಿಗೆ ಅಡ್ಡ ಹಾಕಿದೆ. ನೇಕಾರರ ಮಗಳು ನಾನು, ಸೀರಿ ಹೆಂಗ ಬಿಗದರ ಜೋತಾಡೂದಿಲ್ಲ ಅಂತ ಗೊತ್ತು. ಅದರ ಹಿಂದ ಗಂಡಸರು ಬರಂಗಿಲ್ಲ. ಉಣ್ಣಾಕ ಎದಿ ಕೊಡೂ ತಾಯಂದಿರನ್ನ ಮೊದಲಿನ ಪಂಕ್ತಿಗೆ ಕುಂಡ್ರಿಸಿದೆ. ಅದಕ್ಕ ಗದ್ದಲ ಆತು.

"ಗಂಡಸರಿಗಿಂತ ಮೊದಲ ಹೆಂಗಸರಾ? ಊರಾಗ ಇಂಥಾದು ಇತ್ತೇನ?" ಅಂತ ಒಬ್ಬ ಮುದುಕ ಕೋಲು ಬಡದ.

"ಊರು ಎಲ್ಲೈತಿ ತೋರಸಪಾ ಮೊದಲ, ಆಮ್ಯಾಲೆ ಊರ ರೀತಿ ಹೇಳುವಂತಿ," ಅಂದಳು ಅವನ ಹೇಣ್ತಿನೇ. ಮಂದಿ ನಕ್ಕರು. ಆ ಕೇಂದ್ರದಾಗ ನಾನು ಕೇಳಿದ ಮೊದಲನೇ ನಗಿ.

ಇನ್ನ ರೇಣವ್ವನ ಕೂಸು. ಅದಕ್ಕೂ ಭೇದಿ ಹತ್ತಿತ್ತು. ಇನ್ನೂ ಹಗುರಿತ್ತು, ಆದರ ದುರ್ಗವ್ವನ ಮಗಂದೂ ಹಗುರದಿಂದನ ಚಾಲೂ ಆಗಿತ್ತು. ಡಾಕ್ಟರ್ ಬಾಯಿ ನೋಡಿ ಹೇಳಿದರು, "ಇದಕ್ಕ ಎದಿಹಾಲು ಬೇಕು, ಇವತ್ತಿಂದಲೇ ಬೇಕು." ಬದುವಿನ ಮ್ಯಾಲಿನ ಹೊಸ ಮಣ್ಣನ್ನ ನಿಂಗವ್ವನೂ ನೋಡಿದ್ದಳು. ಎದ್ದು ಅಡಗಿ ಮಾಡೂ ಕಡೆ ಹೋಗಿ ಅರಿಷಿಣಾ ಕೇಳಿ ತಂದಳು. ಸಂಚಿಯಾಗಿನ ಕುಂಕುಮಾ ತಗದಳು. ಖೋಲಿಯ ಹೊಸ್ತಿಲದಾಗ ಕುಂತು, ಮಂದಿ ತುಳಿದ ಕೆಸರು ಸೆರಗಿಲೆ ಒರಸಿ, ಅರಿಷಿಣಾ ಹಚ್ಚಿದಳು.

ಬಾಗಲದಾಗ ನಿಂತಾಕಿ ಒಬ್ಬಾಕಿ ಅಂದಳು, "ಸರಕಾರದ ಹೊಸ್ತಿಲಕ್ಕ ಪೂಜಿ ಮಾಡತೀಯೇನಬೇ? ನಾಳೆ ಸಾಲಿನೂ ನಂದು ಅಂದೀ ಮತ್ತ."

"ನನ್ನ ಹೊಸ್ತಿಲಾ ಹೊಳಿ ಒಯ್ದೈತಿ," ಅಂದಳು ನಿಂಗವ್ವ, ತಲಿ ಎತ್ತದ. "ಸರಕಾರಾ ಒಂದ ಹೊಸ್ತಿಲಾ ಕಡಾ ಕೊಟ್ರ ಬಡವ ಆಗೂದಿಲ್ಲ." ಆಮ್ಯಾಲೆ ಸ್ವಸಿಗೆ, "ದಾಟಿ ಬಾ. ಬಲಗಾಲ ಮುಂದ ಇಟ್ಟ ಬಾ," ಅಂದಳು.

ರೇಣವ್ವ ದಾಟಿ ಬಂದು ಸೀರಿ ಮರಿಗೆ ಕುಂತು ಕೂಸಿಗೆ ಎದಿ ಕೊಟ್ಟಳು. ಕೂಸು ಹಿಡಿತು, ಜಗ್ಗಿತು, ಬಿಟ್ಟು ಚೀರಿತು. ಮತ್ತ ಹಿಡಿತು, ಮತ್ತ ಬಿಟ್ಟಿತು. ಎದಿ ಬತ್ತಿತ್ತು. ಅಂಜಿಕಿ, ಉಪವಾಸ, ಚೆಲ್ಲಿದ್ದು, ಕೂಸು ಚೀಪದ ಇದ್ದದ್ದು, ಎಲ್ಲಾ ಕೂಡಿ. ಹೊಳ್ಳಿ ಬರತೈತಿ ಅಂತ ಡಾಕ್ಟರ್ ಬಾಯಿ ಹೇಳಿದ್ದರು. ಬರೂತನಾ ಕೂಸು ತಡಿಯಬೇಕಲ್ಲ. ಅಲ್ಲೀತನಾ ಅಂತ ಡಾಕ್ಟರ್ ಬಾಯಿನೇ ಬಟ್ಟಲಾಗ ಕೊಡಿಸಿದ ಪುಡಿ ಹಾಲನ್ನ ಕಕ್ಕತಿತ್ತು. ಅದರ ಅಳು ಸಣ್ಣಾಗಾಕತ್ತಿತ್ತು. ಅಳು ಸಣ್ಣಾದರ ಮಂದಿಗೆ ಸಮಾಧಾನ ಆಗತೈತಿ. ಈ ಕೆಲಸದಾಗ ಇರೂ ನಮಗ ಅದೇ ಅಂಜಿಕಿ.

ದುರ್ಗವ್ವ ಆಚೀ ಗ್ವಾಡಿಗೆ ಒರಗಿ ಕುಂತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಅಲ್ಲೇ. ಅಕಿ ಎದಿ ಬಿಗದು ಕಲ್ಲಾಗಿತ್ತು, ಮೈ ಸುಡತಿತ್ತು, ಕುಪ್ಪಸ ತೊಯ್ದು ಒಣಗಿ ಮತ್ತ ತೊಯ್ದಿತ್ತು. ಆ ಸಣ್ಣ ಅಳು ಕೇಳಿ ಎದ್ದು ಬಂದಳು. ಸೀರಿ ಸರಿಸಿ ಒಳಗ ನಿಂತಳು.

"ಇಲ್ಲಿ ಕೊಡ್ರಿ," ಅಂದಳು.

ಅಂಜಿದ ಹಾಲು ನಂಜು ಅನ್ನೂ ಊರಾಗ, ಕೂಸು ಸತ್ತಾಕಿ ಹಾಲಿಗೆ ಏನಂತಿದ್ದರು ಅನ್ನೂದನ್ನ ಬರಿಯೂದು ಬ್ಯಾಡ. ಮ್ಯಾಲೆ ಜಾತಿ ಬ್ಯಾರೆ. ಒಳಗಿದ್ದ ಹೆಂಗಸರೊಳಗ ಒಬ್ಬಾಕಿ ಮೆಲ್ಲಕ, "ಅಪಶಕುನ," ಅಂದಳು, ದುರ್ಗವ್ವಗೂ ಅದು ಕೇಳಸ್ತು. ಡಾಕ್ಟರ್ ಬಾಯಿ ದುರ್ಗವ್ವನ್ನ ಆಚೆ ಕರದು ಮೈ ಮುಟ್ಟಿ ನೋಡಿದರು, ಬಸರಿದ್ದಾಗ ರಕ್ತಾ ತಪಾಸಣಿ ಆಗಿತ್ತೇನು, ಯಾವುದರ ರೋಗ ಇತ್ತೇನು ಕೇಳಿದರು. ನಮ್ಮ ಅಂಗನವಾಡಿಗೇ ಬರತಿದ್ದಳು, ತಪಾಸಣಿಗೆ ನಾನೇ ಕರಕೊಂಡು ಹೋಗಿದ್ದೆ, ಏನೂ ಇರಲಿಲ್ಲ. "ಕೊಡಬಹುದು," ಅಂದರು ಡಾಕ್ಟರ್ ಬಾಯಿ. "ಆದರ ಮನಿಯವರು ಒಪ್ಪಬೇಕು."

ಎಲ್ಲಾರೂ ನಿಂಗವ್ವನ ಮಾರಿ ನೋಡಿದರು. ಅಕಿ ಕೂಸನ್ನ ಎದಿಗವಚಿಕೊಂಡು ಕುಂತಿದ್ದಳು, ಯಾರರ ಕಸಗೊಂಡಾರು ಅನ್ನೂವಂಗ. ರೇಣವ್ವ, "ಅತ್ತೀ," ಅಂದಳು. ಅಷ್ಟೇ. ಅಕಿ ಅತ್ತಿ ಮುಂದ ಬಾಯಿ ತಗದದ್ದನ್ನ ನಾನು ನೋಡಿದ್ದು ಅದೇ ಮೊದಲು.

ನಿಂಗವ್ವ ದುರ್ಗವ್ವನ್ನ ಕೇಳಿದಳು, "ನಿನ್ನ ಗಂಡ ನಮ್ಮನ್ನ ಮಾಳಗಿ ಮ್ಯಾಲಿಂದ ಇಳಿಸಿದ. ಈ ಕೂಸನ್ನ ಅವನ ಕೈಗೇ ಕೊಟ್ಟಿದ್ದೆ ಮೊದಲ. ಹೇಳಿದ್ನೇನ ನಿನಗ?"

"ಹೇಳಿಲ್ಲ."

"ಅವತ್ತ ನಾ ಜಾತಿ ಕೇಳಿಲ್ಲ, ಶಕುನಾ ಕೇಳಿಲ್ಲ," ಅಂದಳು ನಿಂಗವ್ವ. ತಾನೇ ಎದ್ದು ಹೋಗಿ ಕೂಸನ್ನ ದುರ್ಗವ್ವನ ಉಡಿಯಾಗ ಹಾಕಿದಳು.

ಕೂಸಿಗೆ ಮೊದಲ ನೆತ್ತಿಗೇರಿತು, ಅಷ್ಟು ಹಾಲಿತ್ತು. ಕೆಮ್ಮಿತು, ಮತ್ತ ಹಿಡಿತು. ಆಮ್ಯಾಲೆ ಬಿಡಲಿಲ್ಲ. ಖೋಲಿಯೊಳಗ ಆ ನುಂಗೂ ಸಪ್ಪಳ ಒಂದೇ. ದುರ್ಗವ್ವ ಕೂಸಿನ ಮಾರಿ ನೋಡಲಿಲ್ಲ. ಎದುರಿನ ಗ್ವಾಡಿ ಮ್ಯಾಲೆ ಮಗ್ಗಿ ಬರದಿದ್ದರು, ಅದನ್ನ ನೋಡಿಕೋತ ಕುಂತಳು. ಅಕಿಗೆ ಓದಾಕ ಬರತಿರಲಿಲ್ಲ.

ಮುಂದಿನ ದಿನಗಳು ಹಿಂಗ ಹೋದವು. ಮೊದಲ ರೇಣವ್ವ ಎದಿಗೆ ಹಚ್ಚೂದು, ಕೂಸು ಬ್ಯಾಸತ್ತು ಅತ್ತ ಮ್ಯಾಲೆ ದುರ್ಗವ್ವನ ಕಡೆ ಕೊಡೂದು. ಭೇದಿ ನಿಂತಿತು. ಕಣ್ಣಿಗೆ ಕಳೆ ಬಂತು. ನಿಂಗವ್ವ ಇಬ್ಬರಿಗೂ ಒಂದೇ ತಾಟಿನಾಗ ರೊಟ್ಟಿ ಮುರಿದು ಹಾಕತಿದ್ದಳು. ರೇಣವ್ವಗ ಒಳಗೊಳಗ ಬ್ಯಾರೆ ಸಂಕಟ ಚಾಲೂ ಆಗಿತ್ತು. "ಅಕ್ಕೋರ, ಕೂಸು ಅಕಿ ದನಿಗೆ ತಿರುಗತೈತಿ, ನನ್ನ ದನಿಗೆ ತಿರುಗವಲ್ದು," ಅಂತ ಒಂದ ದಿನ ಕಣ್ಣೀರು ಹಾಕಿದಳು. "ಮೊದಲ ಉಳೀಲಿ ತಂಗಿ, ಆಮ್ಯಾಲೆ ತಿರುಗತೈತಿ," ಅಂದೆ. ಒಂದು ಮುಂಜಾನೆ ರೇಣವ್ವನ ಎದಿ ತುಂಬಿತ್ತು. ಕೂಸು ಅಲ್ಲೇ ಕುಡಿದು ಅಲ್ಲೇ ನಿದ್ದಿ ಮಾಡಿತು. ನಿಂಗವ್ವ ಓಡಿ ಬಂದು ನನ್ನ ಕೈ ಹಿಡಕೊಂಡಳು.

ಆ ನಂತರ ನನ್ನ ಕೆಲಸದ ರೀತಿನೇ ಬದಲಿ ಆತು. ಹೊಳಿ ಮತ್ತ ಬಂದಿತು, ಶಿರಹಟ್ಟಿ ಕಡಿಯ ಹಳ್ಳಿಗಳಿಗೂ ನೀರು ಹೊಕ್ಕಿತು, ಅಲ್ಲಿಗೂ ನನ್ನನ್ನ ಕಳಿಸಿದರು. ಕೇಂದ್ರಕ್ಕ ಕಾಲಿಟ್ಟ ಕೂಡಲೇ ಮೊದಲ ಸೀರಿ ಕಟ್ಟಸತಿದ್ದೆ, ಆಮ್ಯಾಲೆ ಒಲಿ ಹೂಡಸತಿದ್ದೆ. ಡಬ್ಬಿ ಗೇಟಿನಾಗೇ ನಿಲ್ಲತಿದ್ದವು. ಕೊರೋನಾ ಬಂದಾಗ ಲಕ್ಷ್ಮೇಶ್ವರದ ಒಂದು ಹಾಸ್ಟೆಲಿನಾಗ ಮಂದಿನ್ನ ಇಟ್ಟಿದ್ದರು. ಅಲ್ಲಿ ಒಬ್ಬ ತಾಯಿಗೆ ಅದೇ ರೋಗ ಹತ್ತೈತಿ ಅಂತ ಕೂಸನ್ನ ಅಜ್ಜಿ ಕಡೆ ಕೊಟ್ಟು ಬಾಟ್ಲಿಗೆ ಹಚ್ಚಾಕ ಹೊಂಟಿದ್ದರು. ಬಾಗಲದ ಹೊರಗ ನಿಂತು ಕೇಳಿದೆ, "ಬಾಯಿಗೆ ಬಟ್ಟಿ ಕಟ್ಟಿಕೊಂಡು, ಕೈ ತೊಳಕೊಂಡು ಎದಿ ಕೊಡಬಾರದೇನ್ರಿ? ದೊಡ್ಡ ಡಾಕ್ಟರಿಗೆ ಒಂದ ಫೋನ್ ಹಚ್ರಿ." ಹಚ್ಚಿದರು. ಕೊಡಬಹುದು ಅಂತ ಉತ್ತರಾ ಬಂತು. ಕೂಸನ್ನ ತಾಯಿ ಕಡೆ ಹೊಳ್ಳಿ ಕೊಟ್ಟರು.

ಈಗಿನ ಹುಡುಗ್ಯಾರಿಗೆ ಇಷ್ಟು ಹೇಳತೀನಿ. ಕೇಂದ್ರದಾಗ ಅಳೂ ಕೂಸಿನ ಕಡೆ ಎಲ್ಲಾರೂ ಓಡತಾರ. ನೀವು ಸುಮ್ಮಾದ ಕೂಸಿನ ಕಡೆ ಹೋಗ್ರಿ. ಅತ್ತಿ ಅಡ್ಡ ಬಂದರ ಅಕಿ ಕೂಡ ಜಗಳಾ ಆಡಬ್ಯಾಡ್ರಿ, ಬಾಜೂಕ ಕುಂಡ್ರಿ. ಕೂಸು ಉಳಿದರೂ ಕೆಲಸಾ ಮುಗೀತು ಅನ್ನಬ್ಯಾಡ್ರಿ.

ಹಂಗ ಅಂತ ನನಗ ಗೊತ್ತಾದದ್ದು ಆ ಮೊದಲನೇ ಕೇಂದ್ರ ಮುಚ್ಚೂ ದಿನ. ನೀರು ಇಳಿದಿತ್ತು. ಅಂಗಳದಾಗ ಟ್ರ್ಯಾಕ್ಟರ್ ನಿಂತಿದ್ದವು, ಮಂದಿ ಗಂಟು ಕಟ್ಟತಿದ್ದರು. ನಿಂಗವ್ವ ಕೇಂದ್ರದ ಅಕ್ಕಿ ಒಂದು ಬೊಗಸಿ ಇಸಕೊಂಡು, ದಾನಾ ಬಂದ ಕುಪ್ಪಸದ ಕಣ ಇಟ್ಟು, ಎಲ್ಲಾರ ಕಣ್ಣೆದುರಿಗೆ ದುರ್ಗವ್ವನ ಉಡಿ ತುಂಬಿದಳು. ಅಪಶಕುನ ಅಂದಾಕಿನೂ ನೋಡಿಕೋತ ನಿಂತಿದ್ದಳು. "ನಮ್ಮ ಮನಿ ನಿನ್ನ ತವರಮನಿ ಅಂತ ತಿಳಕೋ," ಅಂದಳು ನಿಂಗವ್ವ. "ಕೂಸನ್ನ ನೋಡಬೇಕನಿಸಿದ್ರ ಬಾ."

"ಬರೂದಿಲ್ಲ ಯವ್ವಾ," ಅಂದಳು ದುರ್ಗವ್ವ. "ನೀವೂ ಇನ್ನ ನನ್ನ ಕಡೆ ತರಬ್ಯಾಡ್ರಿ. ಅಕಿಗೆ ಹಾಲು ಬಂದೈತಿ, ಸಾಕು."

ನನ್ನನ್ನ ಸೀರಿ ಮರಿಗೆ ಕರದಳು. ಅಲ್ಲಿ ಬ್ಯಾರೆ ಯಾರೂ ಇರಲಿಲ್ಲ. "ಕಟ್ಟಿಬಿಡ್ರಿ ಅಕ್ಕೋರ, ಇದು ನಿಲ್ಲಲಿ," ಅಂತ ಕುಪ್ಪಸ ಬಿಚ್ಚಿದಳು. ನಮ್ಮ ಊರಾಗ ಹಾಲು ನಿಲ್ಲಿಸಾಕ ಹಂಗೇ ಮಾಡತಾರ. ಒಂದು ಹಳೇ ಸೀರಿ ಉದ್ದಕ ಹರದು ಅಕಿ ಎದಿಗೆ ಸುತ್ತಿ ಕಟ್ಟಿದೆ. ಅಕಿ ಕೈ ಎರಡೂ ಮ್ಯಾಲೆತ್ತಿ ನಿಂತಿದ್ದಳು.

ಹೊರಗ ಟ್ರ್ಯಾಕ್ಟರ್ ಚಾಲೂ ಆತು. ಅದರ ಸಪ್ಪಳಕ್ಕ ಬೆದರಿ ರೇಣವ್ವನ ಕೂಸು ಅತ್ತಿತು. ನಾನು ಕಟ್ಟಿದ ಅರಿವಿ ನನ್ನ ಕಣ್ಣೆದುರಿಗೇ ತೊಯ್ದಿತು, ಮೊದಲ ಒಂದು ಕಡೆ, ಆಮ್ಯಾಲೆ ಎರಡೂ ಕಡೆ.

ದುರ್ಗವ್ವ ಬಗ್ಗಿ ನೋಡಿಕೊಂಡಳು.

"ಇನ್ನೊಂದ ಸುತ್ತ ಹಾಕ್ರಿ," ಅಂದಳು.

ಹಾಕಿದೆ.